ಕಂಬದಿಂದ ಮನೆಗೆ 45 ಮೀಟರ್



ನಮ್ಮ ಹೊಸ ಮನೆಗೆ ಕರೆಂಟು ಬಂದಿದೆ. ಆದರೆ ಮನೆಯ ಮುಂದೆ ಒಂದು ತಂತಿಯೂ ಕಾಣುವುದಿಲ್ಲ. ಆರನೇ ತರಗತಿಯ ಕೆಲವರು ಮನೆಗೆ ಬಂದಾಗ "ನಿಮ್ಮನೇಗೆ ಕರೆಂಟು ಎಲ್ಲಿಂದ ಬರ್ತದೆ? ಸೋಲಾರಾ?" ಅಂತ ಕೇಳಿದರು. ಸೋಲಾರ್ ಅಲ್ಲ, ನೆಲದ ಒಳಗಿಂದ ಬರುತ್ತದೆ. ಊರಿನ ದೊಡ್ಡವರು ಕೇಳುವುದು ಬೇರೆ ಪ್ರಶ್ನೆ. "ಅದಕ್ಕೆ ಎಷ್ಟು ಬಿತ್ತು?" ಅಂತ. ಅಪ್ಪ ಒಬ್ಬರಿಗೆ ಹದಿನೈದು ಸಾವಿರ ಅನ್ನುತ್ತಾರೆ, ಇನ್ನೊಬ್ಬರಿಗೆ ಇಪ್ಪತ್ತು ಅನ್ನುತ್ತಾರೆ. ಎರಡೂ ಸುಳ್ಳಲ್ಲ. ಯಾಕೆ ಅಂತ ಈ ಲೇಖನ ಓದಿದರೆ ತಿಳಿಯುತ್ತದೆ. ಅಂಗಡಿಯ ಚೀಟಿಗಳನ್ನೆಲ್ಲ ನಾನೇ ಒಂದು ಕೊಟ್ಟೆಯಲ್ಲಿ ಕೂಡಿಟ್ಟಿದ್ದೆ. ಅದನ್ನು ನೋಡಿ ಬರೆಯುತ್ತಿದ್ದೇನೆ.

ಕರೆಂಟು ಹತ್ತಿರ, ಕಂಬ ದೂರ

ನಮ್ಮ ಸಾಗರ ತಾಲೂಕಿನಲ್ಲಿ ಲಿಂಗನಮಕ್ಕಿ ಅಣೆಕಟ್ಟು ಇದೆ. ಅದು 1964ರಲ್ಲಿ ಕಟ್ಟಿ ಮುಗಿಯಿತು. ಶರಾವತಿ ನೀರಿನಿಂದ ತಯಾರಾಗುವ ಕರೆಂಟು ದೂರದೂರದ ಊರಿಗೆ ಹೋಗುತ್ತದೆ. ಆದರೆ ನಮ್ಮ ಮನೆಗೆ ಅದನ್ನು ತರುವುದು ಸುಲಭ ಆಗಲಿಲ್ಲ. ಏಕೆಂದರೆ ಕಂಬ ಇರುವುದು ಮಣ್ಣು ರಸ್ತೆಯ ಆಚೆ, ಮನೆ ಇರುವುದು ತೋಟದ ಈಚೆ. ನಡುವೆ ನಮ್ಮ ಇಪ್ಪತ್ತು ಗುಂಟೆ ಅಡಿಕೆ ತೋಟ. ತೋಟದ ಮೇಲೆ ನೇರವಾಗಿ ತಂತಿ ಎಳೆದರೆ 40 ಮೀಟರ್. ತೋಟದ ಅಂಚಿನಲ್ಲಿ ನೆಲದೊಳಗೆ ಬಂದರೆ 45 ಮೀಟರ್. ನಾನು ಮತ್ತು ಚಿಕ್ಕಪ್ಪ ಟೇಪು ಹಿಡಿದು ಎರಡು ಸಲ ಅಳೆದೆವು.

ಎರಡು ದಾರಿಗಳು

ವೈರಿಂಗ್ ಮಾಡುವ ಅಣ್ಣ ಬಂದು ಎರಡು ದಾರಿ ಹೇಳಿದರು.

ಮೊದಲನೆಯದು, ಮೇಲಿನ ದಾರಿ. ತೋಟದ ನಡುವೆ ಒಂದು ಸಿಮೆಂಟು ಕಂಬ ನಿಲ್ಲಿಸಬೇಕು. ಒಂದೇ ಸಮ 40 ಮೀಟರ್ ಎಳೆದರೆ ತಂತಿ ಜೋತು ಬೀಳುತ್ತದೆ. ಸರ್ವಿಸ್ ವೈರನ್ನು ಒಂದು ಜಿ.ಐ. ತಂತಿಗೆ ಕಟ್ಟಿ ರಸ್ತೆಯ ಕಂಬದಿಂದ ತೋಟದ ಕಂಬಕ್ಕೆ, ಅಲ್ಲಿಂದ ಮನೆಗೆ ತರುತ್ತಾರೆ.

ಎರಡನೆಯದು, ಕೆಳಗಿನ ದಾರಿ. ದಪ್ಪನೆಯ ಕೇಬಲ್ಲು ರಸ್ತೆಯ ಕಂಬದಲ್ಲೇ ಕೆಳಗೆ ಇಳಿದು, ನೆಲದೊಳಗೆ ಬಂದು, ಮೀಟರ್ ಬೋರ್ಡಿನ ಹತ್ತಿರ ಮೇಲೆ ಏಳುತ್ತದೆ. ಪೇಟೆಯಲ್ಲಿ ಇದಕ್ಕೆ ಯು.ಜಿ. ಕೇಬಲ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಎಷ್ಟೋ ಬೀದಿಗಳ ತಂತಿಗಳನ್ನು ಹೀಗೆ ನೆಲದೊಳಗೆ ಇಳಿಸಿದ್ದಾರೆ.

ಅವರು ಎರಡಕ್ಕೂ ಒಂದೊಂದು ಚೀಟಿ ಬರೆದುಕೊಟ್ಟರು. ಇದು 2025ರ ಮಾರ್ಚ್ ತಿಂಗಳ ನಮ್ಮ ಪೇಟೆಯ ದರ.

ಮೇಲಿನ ದಾರಿಯ ಚೀಟಿ

ಸಿಮೆಂಟು ಕಂಬ, ಸಾಗಣೆ, ನಿಲ್ಲಿಸುವ ಕೂಲಿ: 6,500 ರೂ.
ಸರ್ವಿಸ್ ವೈರು 50 ಮೀಟರ್: 1,500 ರೂ.
ಜಿ.ಐ. ತಂತಿ, ಕ್ಲಾಂಪು, ಪೈಪು: 900 ರೂ.
ವೈರಿಂಗ್ ಕೂಲಿ: 1,600 ರೂ.
ಒಟ್ಟು: 10,500 ರೂ.

ಕೆಳಗಿನ ದಾರಿಯ ಚೀಟಿ

ಕೇಬಲ್ಲು 60 ಮೀಟರ್, ಮೀಟರಿಗೆ 110ರಂತೆ: 6,600 ರೂ.
ಕಾಲುವೆ ತೋಡಲು 6 ಆಳು, ಆಳಿಗೆ 600ರಂತೆ: 3,600 ರೂ.
ಮರಳು ಅರ್ಧ ಟ್ರ್ಯಾಕ್ಟರ್ ಲೋಡು: 2,800 ರೂ.
ಇಟ್ಟಿಗೆ 200: 1,800 ರೂ.
ಕಂಬಕ್ಕೆ, ರಸ್ತೆಗೆ, ಗೋಡೆಗೆ ಪೈಪು: 2,000 ರೂ.
ಗ್ಲಾಂಡು, ಲಗ್ಗು, ಎಚ್ಚರಿಕೆ ಪಟ್ಟಿ: 850 ರೂ.
ವೈರಿಂಗ್ ಕೂಲಿ: 2,500 ರೂ.
ಒಟ್ಟು: 20,150 ರೂ.

ಎರಡಕ್ಕೂ ವ್ಯತ್ಯಾಸ 9,650 ರೂಪಾಯಿ.

ಇಲ್ಲಿ ನಿಮಗೊಂದು ಪ್ರಶ್ನೆ. ದಾರಿ ಇರುವುದು 45 ಮೀಟರ್, ಕೇಬಲ್ಲು 60 ಮೀಟರ್ ಯಾಕೆ? ನಾನೂ ಅಂಗಡಿಯವರು ಮೋಸ ಮಾಡ್ತಿದಾರೆ ಅಂದುಕೊಂಡಿದ್ದೆ. ಹಂಗಲ್ಲ. ಕಂಬದ ಮೇಲಿಂದ ಇಳಿಯಲು 7 ಮೀಟರ್ ಬೇಕು. ಕಾಲುವೆಗೆ ಇಳಿದು ಏಳಲು 2 ಮೀಟರ್. ಮೀಟರ್ ಬೋರ್ಡಿಗೆ ಏರಲು 2 ಮೀಟರ್. ಎರಡು ತುದಿಯಲ್ಲೂ ಎರಡೆರಡು ಮೀಟರ್ ಹೆಚ್ಚಿಗೆ ಸುತ್ತಿ ಇಟ್ಟಿರಬೇಕು. ಮುಂದೆ ತುದಿ ಸುಟ್ಟರೆ ಕತ್ತರಿಸಿ ಮತ್ತೆ ಹಾಕಬಹುದು. 45+7+2+2+4 ಕೂಡಿಸಿ ನೋಡಿ.

ನೆಲದೊಳಗಿನದು ಯಾಕೆ ದುಬಾರಿ?

ವಿಜ್ಞಾನದ ಪಾಠದಲ್ಲಿ ವಾಹಕ, ಅವಾಹಕ ಅಂತ ಓದಿದ್ದೇವೆ. ಒಣ ಗಾಳಿ ಅವಾಹಕ. ದೊಡ್ಡ ಲೈನಿನ ತಂತಿಗಳಿಗೆ ಹೊದಿಕೆಯೇ ಇರುವುದಿಲ್ಲ. ಗಾಳಿಯೇ ಹೊದಿಕೆ, ಅದು ಪುಕ್ಕಟೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟು ತಂದದ್ದು ಹೀಗೆ ಮೇಲಿನ ತಂತಿಯಲ್ಲೇ.

ನೆಲದೊಳಗೆ ಗಾಳಿ ಇಲ್ಲ. ಹಸಿ ಮಣ್ಣು ಇದೆ, ನೀರು ಇದೆ. ಆದ್ದರಿಂದ ಹೊದಿಕೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಉಳಿದ ಒಂದು ತುಂಡು ಕೇಬಲ್ಲನ್ನು ನಾನು ಶಾಲೆಗೆ ತಂದಿದ್ದೇನೆ, ಈ ಪತ್ರಿಕೆಯ ಕೆಳಗೆ ದಾರದಲ್ಲಿ ಕಟ್ಟಿದೆ, ನೋಡಿ. ಒಳಗೆ ಎರಡು ಅಲ್ಯೂಮಿನಿಯಂ ಎಳೆ. ಒಂದೊಂದು ಎಳೆಗೂ ಗಟ್ಟಿ ಪ್ಲಾಸ್ಟಿಕ್ ಹೊದಿಕೆ. ಎರಡೂ ಸೇರಿ ಮತ್ತೊಂದು ಹೊದಿಕೆ. ಅದರ ಮೇಲೆ ಸುತ್ತಲೂ ಸಣ್ಣ ಉಕ್ಕಿನ ತಂತಿಗಳು. ಇದಕ್ಕೆ ಆರ್ಮರ್ ಅನ್ನುತ್ತಾರೆ, ಅಂದರೆ ಕವಚ. ಯಕ್ಷಗಾನದ ಭುಜಕೀರ್ತಿ ಚಂದಕ್ಕೆ, ಇದು ನಿಜವಾದ ರಕ್ಷಣೆಗೆ. ಗುದ್ದಲಿ ತಾಗಿದರೆ ಮೊದಲು ಇದು ತಡೆಯುತ್ತದೆ. ಎಲ್ಲಕ್ಕಿಂತ ಮೇಲೆ ಕಪ್ಪು ಹೊದಿಕೆ.

ಇನ್ನೊಂದು ಕಾರಣ ಬಿಸಿ. ಕರೆಂಟು ಹರಿದರೆ ತಂತಿ ಬಿಸಿಯಾಗುತ್ತದೆ. ಮೇಲಿನ ಬರಿ ತಂತಿಯ ಬಿಸಿಯನ್ನು ಗಾಳಿ ಒಯ್ಯುತ್ತದೆ. ನೆಲದೊಳಗೆ ಬಿಸಿ ನಿಧಾನ ಹೊರಗೆ ಹೋಗುತ್ತದೆ. ಆದ್ದರಿಂದ ತೀರಾ ಸಣ್ಣ ಎಳೆ ಹಾಕಬಾರದು. ನಮಗೆ 10 ಚದರ ಮಿಲಿಮೀಟರಿನದು ಹಾಕಿದ್ದಾರೆ. ಮುಂದೆ ಸಣ್ಣ ಪಂಪು ಇಟ್ಟರೂ ವೋಲ್ಟೇಜು ಬೀಳಬಾರದು ಅಂತ.

ಮನೆಯಲ್ಲಿ ನಡೆದ ಮಾತು

ಆ ರಾತ್ರಿ ಎರಡೂ ಚೀಟಿಯನ್ನು ಮಧ್ಯೆ ಇಟ್ಟುಕೊಂಡು ಎಲ್ಲರೂ ಕೂತರು. ಅಮ್ಮ ಸಂಘದಿಂದ ಸಾಲ ತಂದಿದ್ದರು. ಅದರಲ್ಲಿ ಕರೆಂಟಿಗೆ ಅಂತ ತೆಗೆದಿಟ್ಟಿದ್ದು ಹನ್ನೊಂದು ಸಾವಿರ. ಮುಂದಿನ ಬಾಗಿಲಿಗೆ ಅಂತ ಹತ್ತು ಸಾವಿರ. ಅಜ್ಜಿ "ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು. ಊರಿಗೆಲ್ಲ ಕಂಬದ ಕರೆಂಟು ಸಾಕಾಗಿರುವಾಗ ನಮಗೆ ಮಾತ್ರ ಎಂತಕ್ಕೆ ಸಾಲ್ದು?" ಅಂದರು. ಅಮ್ಮನೂ ಹೌದು ಅಂದರು. ನನಗೂ ಹಾಗೇ ಅನ್ನಿಸಿತು.

ಅಪ್ಪ ಮಾತಾಡಲಿಲ್ಲ. ಅಪ್ಪ ಕೊನೆಗಾರ. ಕೊಯ್ಲಿನ ಕಾಲದಲ್ಲಿ ಊರಿನ ತೋಟಗಳಲ್ಲಿ ಅಡಿಕೆ ಕೊನೆ ಕೊಯ್ಯುತ್ತಾರೆ. ಮೊದಲು ಮರ ಹತ್ತುತ್ತಿದ್ದರು, ಈಗ ದೋಟಿಯಲ್ಲಿ ಕೊಯ್ಯುತ್ತಾರೆ. ನಿಮಗೆ ಗೊತ್ತಿರುವ ಹಾಗೆ ದೋಟಿ ಅಂದರೆ ಉದ್ದದ ಕೋಲು, ತುದಿಯಲ್ಲಿ ಕತ್ತಿ. ಈಗ 60 ಅಡಿ ಉದ್ದದ್ದೂ ಬಂದಿದೆ. ಕೊಯ್ಯುವಾಗ ಕಣ್ಣು ಕೊನೆಯ ಮೇಲೆ ಇರುತ್ತದೆ, ತಂತಿಯ ಮೇಲೆ ಅಲ್ಲ.

2023ರ ಕೊಯ್ಲಿನಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ದೋಟಿ ತೋಟದ ಮೇಲೆ ಹೋಗುವ ಲೈನಿಗೆ ತಾಗಿತು. ಅವರು ಉಳಿಯಲಿಲ್ಲ. ಅಪ್ಪ ಪಕ್ಕದ ಸಾಲಿನಲ್ಲಿದ್ದರು. ಅವರ ಮಗಳು ನಮ್ಮ ಶಾಲೆಯಲ್ಲೇ ಓದುತ್ತಾಳೆ. ಅವಳೂ ಈ ಗೋಡೆ ಪತ್ರಿಕೆ ಓದುತ್ತಾಳೆ. ಆದ್ದರಿಂದ ನಾನು ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಇಷ್ಟು ಬರೆಯಬಹುದಾ ಅಂತ ಅವಳನ್ನು ಕೇಳಿದೆ, ಬರಿ ಅಂದಳು.

ಚಿಕ್ಕಪ್ಪ "ಅದು ಬರಿ ತಂತಿ ಅಣ್ಣಾ. ನಮಗೆ ಹಾಕೋದು ಸರ್ವಿಸ್ ವೈರು, ಪ್ಲಾಸ್ಟಿಕ್ ಹೊದಿಕೆ ಇರ್ತದೆ" ಅಂದರು.

ಆಗ ಅಪ್ಪ ಹೇಳಿದರು: "ಹೊದಿಕೆ ಎಷ್ಟು ವರ್ಷ ಇರ್ತದೆ? ಬಿಸಿಲಿಗೆ ಒಡೀತದೆ. ಮಳೆಗಾಲದಲ್ಲಿ ಸೋಗೆ ಬಿದ್ದು ತಿಕ್ಕಿ ಸವೀತದೆ. ದೋಟಿ ತುದೀಲಿ ಕತ್ತಿ ಇರ್ತದೆ, ಒಂದು ಸಲ ಸಿಕ್ಕಿ ಎಳೆದ್ರೆ ಮುಗೀತು. ಬೇರೆಯೋರ ತೋಟದಲ್ಲಿ ತಂತಿ ಇದ್ರೆ ನಾನು ಹುಷಾರಾಗಿರ್ಬಹುದು. ನಮ್ಮ ತೋಟದಲ್ಲಿ ನಾನೇ ದುಡ್ಡು ಕೊಟ್ಟು ತಂತಿ ಹಾಕಿಸ್ಕಂಡು, ಕೆಳಗೆ ಅಡಿಕೆ ಹೆಕ್ಕೋಕೆ ನಿಮ್ಮನ್ನ ನಿಲ್ಸೋದಾ?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳೇ ಮನೆ ಬಾಗ್ಲು ಗಟ್ಟಿ ಇದೆ. ಅದನ್ನೇ ಇಡಿ" ಅಂದರು. ಹೀಗೆ ಬಾಗಿಲಿನ ದುಡ್ಡು ಕೇಬಲ್ಲಿಗೆ ಹೋಯಿತು.

ಕಾಲುವೆ ತೋಡಿದ್ದು

ಮೊದಲು ಕರೆಂಟ್ ಆಫೀಸಿನಲ್ಲಿ ಅರ್ಜಿ ಕೊಟ್ಟರು. ಮಣ್ಣು ರಸ್ತೆ ಅಗೆಯಲು ಪಂಚಾಯಿತಿಯಲ್ಲಿ ಒಪ್ಪಿಗೆ ತಗೊಂಡರು. ಆಮೇಲೆ ಅಪ್ಪ ಮತ್ತು ಚಿಕ್ಕಪ್ಪ ಮೂರು ದಿನ ಕಾಲುವೆ ತೋಡಿದರು. ನಾನು ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಹೆಡಿಗೆಯಲ್ಲಿ ಮಣ್ಣು ಹೊತ್ತೆ. ಒಂದು ಅಡಿ ತೆಗೆದ ಮೇಲೆ ಜಂಬಿಟ್ಟಿಗೆ ಸಿಕ್ಕಿತು. ಅದಕ್ಕೆ ಪಿಕಾಸಿಯೇ ಬೇಕು, ಗುದ್ದಲಿ ಸಾಲುವುದಿಲ್ಲ.

ನೆಲದೊಳಗೆ ಕೇಬಲ್ಲು ಹಾಕುವ ಕ್ರಮ ಹೀಗಿದೆ.

1. ಕಾಲುವೆಯ ಆಳ 75 ಸೆಂಟಿಮೀಟರ್ ಇರಬೇಕು, ಅಂದರೆ ಎರಡೂವರೆ ಅಡಿ. ಗಾಡಿ ಓಡಾಡುವ ರಸ್ತೆಯ ಕೆಳಗೆ 1 ಮೀಟರ್ ಆಳ, ಅಲ್ಲಿ ಕೇಬಲ್ಲು ಪೈಪಿನ ಒಳಗೆ ಇರಬೇಕು.

2. ತಳದಲ್ಲಿ ಕಲ್ಲು ಇರಬಾರದು. ಮೂರು ಬೆರಳಿನಷ್ಟು ಮರಳು ಹಾಸಬೇಕು. ಚೂಪು ಕಲ್ಲು ಇದ್ದರೆ ಮೇಲಿನ ಮಣ್ಣಿನ ಭಾರಕ್ಕೆ ಹೊದಿಕೆಗೆ ಚುಚ್ಚುತ್ತದೆ.

3. ಕೇಬಲ್ಲನ್ನು ಎಳೆದು ಬಿಗಿ ಮಾಡಬಾರದು. ಸ್ವಲ್ಪ ಹಾವಿನ ಹಾಗೆ ಬಳುಕಿ ಮಲಗಿರಬೇಕು. ತಿರುವಿನಲ್ಲಿ ಹಗ್ಗದ ಹಾಗೆ ಮಡಚಬಾರದು, ದೊಡ್ಡ ಸುತ್ತು ಕೊಡಬೇಕು.

4. ನಡುವೆ ಗಂಟು ಇರಬಾರದು. ಪೂರ್ತಿ ಒಂದೇ ತುಂಡು ಇರಬೇಕು. ಮಲೆನಾಡಿನ ಮಳೆಯಲ್ಲಿ ನೀರು ಮೊದಲು ಹೊಗುವುದು ಗಂಟಿನ ಒಳಗೇ.

5. ಮೇಲೆ ಮತ್ತೆ ಮೂರು ಬೆರಳು ಮರಳು. ಅದರ ಮೇಲೆ ಇಟ್ಟಿಗೆ ಸಾಲು. ಮುಂದೆ ಯಾರಾದರೂ ಅಗೆದರೆ ಗುದ್ದಲಿಗೆ ಮೊದಲು ಇಟ್ಟಿಗೆ ಸಿಗಬೇಕು. ನಾವು ಇಟ್ಟಿಗೆ ಕೊಳ್ಳಲಿಲ್ಲ. ಹಳೆ ಮನೆಯ ಹೆಂಚುಗಳನ್ನು ಎರಡೆರಡು ಪದರ ಹಾಕಿದೆವು. ವೈರಿಂಗ್ ಅಣ್ಣ ನೋಡಿ ಆಗಬಹುದು ಅಂದರು.

6. ಅರ್ಧ ಮಣ್ಣು ಮುಚ್ಚಿದ ಮೇಲೆ ಎಚ್ಚರಿಕೆಯ ಬಣ್ಣದ ಪಟ್ಟಿ ಹಾಸಬೇಕು. ಆಮೇಲೆ ಪೂರ್ತಿ ಮುಚ್ಚಬೇಕು.

ಕೇಬಲ್ಲನ್ನು ಲೈಸೆನ್ಸ್ ಇರುವವರೇ ಜೋಡಿಸಿ ಪರೀಕ್ಷೆ ಮಾಡಿದರು. ಕಂಬದ ಮೇಲಿನ ಕೆಲಸ ಲೈನ್‌ಮ್ಯಾನ್ ಅವರದ್ದು. ಅದನ್ನು ನಾವು ಯಾರೂ ಮುಟ್ಟಲಿಲ್ಲ, ನೀವೂ ಮುಟ್ಟಬಾರದು.

ಮೇಷ್ಟ್ರು ತೋರಿಸಿದ ತಪ್ಪು

ಎಲ್ಲ ಮುಗಿದ ಮೇಲೆ ನಾನು ಹೀಗೆ ಲೆಕ್ಕ ಬರೆದೆ. ಚೀಟಿಯಲ್ಲಿ ಇದ್ದದ್ದು 20,150. ಕಾಲುವೆ ನಾವೇ ತೋಡಿದ್ದರಿಂದ 3,600 ಉಳಿಯಿತು. ಇಟ್ಟಿಗೆಯ 1,800 ಉಳಿಯಿತು. ಒಟ್ಟು ಉಳಿತಾಯ 5,400. ಆದ್ದರಿಂದ ಖರ್ಚು 14,750 ರೂಪಾಯಿ.

ಇದನ್ನು ಗಣಿತದ ಮೇಷ್ಟ್ರಿಗೆ ತೋರಿಸಿದೆ. ಅವರು ಕೂಡುವ ಕಳೆಯುವ ಲೆಕ್ಕ ಸರಿ ಇದೆ ಅಂದರು. ಆಮೇಲೆ "ಆ ಮೂರು ದಿನ ನಿಮ್ಮಪ್ಪ ಚಿಕ್ಕಪ್ಪ ಬೇರೆ ಕೆಲಸಕ್ಕೆ ಹೋಗಿದ್ರಾ?" ಅಂತ ಕೇಳಿದರು. ಇಲ್ಲ ಅಂದೆ. "ಹೋಗಿದ್ರೆ ಎಷ್ಟು ಬರ್ತಿತ್ತು?" ಅಂದರು. ದಿನಕ್ಕೆ 600ರಂತೆ ಇಬ್ಬರಿಗೆ ಮೂರು ದಿನಕ್ಕೆ 3,600. ಅಂದರೆ ಚೀಟಿಯಲ್ಲಿದ್ದ ಅಷ್ಟೇ ದುಡ್ಡು!

ಆಗ ನನಗೆ ಅರ್ಥವಾಯಿತು. ಕಾಲುವೆ ಪುಕ್ಕಟೆ ಆಗಲಿಲ್ಲ. ಅಮ್ಮನ ಡಬ್ಬಿಯಿಂದ ಹೋಗಲಿಲ್ಲ, ಅಷ್ಟೇ. ಅಪ್ಪನ ಬೆನ್ನಿನಿಂದ ಹೋಯಿತು. ನಿಜವಾಗಿ ಉಳಿದದ್ದು ಹೆಂಚು ಹಾಕಿದ್ದರ 1,800 ಮಾತ್ರ. ಆದ್ದರಿಂದ ಕೈಯಿಂದ ಕೊಟ್ಟದ್ದು 14,750, ನಿಜವಾದ ಖರ್ಚು 18,350 ರೂಪಾಯಿ. ಅಪ್ಪ ಒಬ್ಬರಿಗೆ ಹದಿನೈದು ಅನ್ನುವುದು ಕೈಯಿಂದ ಹೋದದ್ದನ್ನು, ಇನ್ನೊಬ್ಬರಿಗೆ ಇಪ್ಪತ್ತು ಅನ್ನುವುದು ಚೀಟಿಯಲ್ಲಿದ್ದದ್ದನ್ನು.

ಎರಡು ದಾರಿಗೂ ಒಂದೇ ಆಗುವ ಖರ್ಚು

ಮೇಲೆ ಬರೆದದ್ದು ಕಂಬದಿಂದ ಮನೆಯವರೆಗಿನ ಲೆಕ್ಕ ಮಾತ್ರ. ಇದಲ್ಲದೆ ಕೆಲವು ಖರ್ಚು ಯಾವ ದಾರಿ ಆದರೂ ಇದ್ದೇ ಇರುತ್ತದೆ. ಒಂದು, ಮನೆ ಒಳಗಿನ ವೈರಿಂಗ್. ಎರಡು, ಕರೆಂಟ್ ಆಫೀಸಿಗೆ ಕಟ್ಟುವ ಠೇವಣಿ. ಇದು ಎಷ್ಟು ಕಿಲೋವ್ಯಾಟ್ ಕೇಳುತ್ತೇವೆ ಅನ್ನುವುದರ ಮೇಲೆ ಇರುತ್ತದೆ. ಸುಮ್ಮನೆ ಹೆಚ್ಚು ಕಿಲೋವ್ಯಾಟ್ ಬರೆಸಬಾರದು. ಮೂರು, ಮೀಟರು. ನಾಲ್ಕು, ಅರ್ಥಿಂಗ್. ಎರಡೂವರೆ ಮೀಟರ್ ಪೈಪನ್ನು ನೆಲದಲ್ಲಿ ಹುಗಿದು ಸುತ್ತ ಇದ್ದಿಲು, ಉಪ್ಪು ತುಂಬಿ ನೀರು ಹಾಕುತ್ತಾರೆ. ಮನೆಯ ಉಪಕರಣದಲ್ಲಿ ಕರೆಂಟು ಸೋರಿದರೆ ಅದು ಭೂಮಿಗೆ ಹೋಗಲಿ ಅಂತ. ಐದು, ಸೋರಿದ ಕೂಡಲೇ ಕರೆಂಟು ತಪ್ಪಿಸುವ ಸ್ವಿಚ್ಚು. ಈ ಅರ್ಥಿಂಗ್ ಮತ್ತು ಸ್ವಿಚ್ಚಿನಲ್ಲಿ ಯಾರೂ ಉಳಿತಾಯ ಮಾಡಬಾರದು.

2023ರಲ್ಲಿ ಸರ್ಕಾರ ಗೃಹಜ್ಯೋತಿ ಯೋಜನೆ ತಂದ ಮೇಲೆ "ಕರೆಂಟು ಪುಕ್ಕಟೆ ಅಲ್ವಾ, ಖರ್ಚು ಎಂತದು?" ಅಂತ ಕೆಲವರು ಕೇಳುತ್ತಾರೆ. ಅದು ತಿಂಗಳ ಬಿಲ್ಲಿಗೆ. ಕಂಬದಿಂದ ಮನೆಗೆ ತರುವ ಖರ್ಚಿಗೆ ಅದು ಬರುವುದಿಲ್ಲ.

ಕಷ್ಟವೂ ಇದೆ

ನೆಲದೊಳಗಿನ ಕೇಬಲ್ಲು ಒಳ್ಳೆಯದೇ ಎಂದು ಕಣ್ಣು ಮುಚ್ಚಿ ಹೇಳಬಾರದು. ಮೇಲಿನ ತಂತಿ ತುಂಡಾದರೆ ಎಲ್ಲರಿಗೂ ಕಾಣುತ್ತದೆ. ಇದು ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಹುಡುಕಬೇಕು, ಅಗೆಯಬೇಕು. ಅದರ ಮೇಲೆ ಗಿಡ ನೆಡುವಂತಿಲ್ಲ. ಎಲ್ಲಿದೆ ಅಂತ ಮರೆತರೆ ಗುದ್ದಲಿ ಹಾಕುವವರಿಗೆ ಅಪಾಯ. ಅದಕ್ಕೇ ನಾವು ಹತ್ತು ಹೆಜ್ಜೆಗೊಂದು ಕಲ್ಲು ನೆಟ್ಟು ಕೆಂಪು ಬಣ್ಣ ಬಳಿದಿದ್ದೇವೆ. ನಾನು ಒಂದು ನಕ್ಷೆ ಬರೆದು ಮನೆಯ ಪತ್ರಗಳ ಜೊತೆ ಇಟ್ಟಿದ್ದೇನೆ. ಮನೆ ಕಂಬದ ಪಕ್ಕದಲ್ಲೇ ಇದ್ದು ನಡುವೆ ತೋಟ ಇಲ್ಲದವರಿಗೆ ಮೇಲಿನ ಸರ್ವಿಸ್ ವೈರೇ ಸಾಕು ಅಂತ ವೈರಿಂಗ್ ಅಣ್ಣನೂ ಹೇಳಿದರು.

ನೆನಪಿಡಬೇಕಾದದ್ದು

ಗೆಳೆಯರೇ, ನಮ್ಮೂರಿನ ಹೆಚ್ಚಿನ ತೋಟಗಳ ಮೇಲೆ ಈಗಲೂ ಲೈನು ಇದೆ. ಎಲ್ಲರೂ ಕೇಬಲ್ಲು ಹಾಕಿಸಲು ಆಗುವುದಿಲ್ಲ. ಆದ್ದರಿಂದ ಮನೆಗೆ ಹೋಗಿ ಇಷ್ಟನ್ನು ಹೇಳಿ. ಅಲ್ಯೂಮಿನಿಯಂ ದೋಟಿಯಲ್ಲಿ ಕರೆಂಟು ಹರಿಯುತ್ತದೆ. ಫೈಬರ್ ದೋಟಿ ಅಂದರೆ ಪ್ಲಾಸ್ಟಿಕ್, ಏನೂ ಆಗಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ. ಒದ್ದೆಯಾದ ಬಿದಿರಿನಲ್ಲೂ ಹರಿಯುತ್ತದೆ. ಲೈನಿನ ಹತ್ತಿರದ ಮರ ಕೊಯ್ಯುವ ಮೊದಲು ಲೈನ್ ಆಫ್ ಮಾಡಿಸಬೇಕು. ತಂತಿ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ 1912 ನಂಬರಿಗೆ ಫೋನ್ ಮಾಡಬೇಕು.

ನಮ್ಮ ಮನೆಗೆ ಇನ್ನೂ ಹಳೆ ಬಾಗಿಲೇ ಇದೆ. ಅದು ಹೊಸ ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ, ಕೆಳಗೆ ಎರಡು ಬೆರಳು ಸಂದಿ ಇದೆ. ರಾತ್ರಿ ಆ ಸಂದಿಯಿಂದ ಬಲ್ಬಿನ ಬೆಳಕು ಅಂಗಳಕ್ಕೆ ಬೀಳುತ್ತದೆ. ಈ ಸಲದ ಕೊಯ್ಲು ಆದ ಮೇಲೆ ಹೊಸ ಬಾಗಿಲು ಮಾಡಿಸೋಣ ಅಂತ ಅಪ್ಪ ಹೇಳಿದ್ದಾರೆ.

ಲೆಕ್ಕದಲ್ಲಿ ತಪ್ಪು ಕಂಡರೆ ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆಯಿರಿ. ಕೇಬಲ್ಲಿನ ತುಂಡನ್ನು ಯಾರೂ ಕಿತ್ತುಕೊಂಡು ಹೋಗಬಾರದು.



ಏಳನೇ ತರಗತಿ